ಗುಜರಿಗೆ ಹಾಕುವ ಮುನ್ನ ಒಂದು ಸಾಲು ಓದಿ

ವಿಂಡೋಸ್ 10ರ ಬಾಗಿಲು ಮುಚ್ಚಿತು. 32 ಬಿಟ್ ಯಂತ್ರಗಳನ್ನು ಲಿನಕ್ಸ್ ಬಳಗದವರೂ ಒಬ್ಬೊಬ್ಬರಾಗಿ ಕೈಬಿಡುತ್ತಿದ್ದಾರೆ. ಆದರೆ ಸೋರ್ಸ್ ಕೋಡ್ ಎಲ್ಲರ ಕೈಯಲ್ಲಿದೆ, ಕಂಪೈಲರ್ ಪುಕ್ಕಟೆ ಸಿಗುತ್ತದೆ. ಪ್ರೊಸೆಸರಿನ ನಿಜವಾದ ಶಕ್ತಿ ತಿಳಿದು ಸೆಟ್ಟಿಂಗ್ ಆರಿಸಿದರೆ ಅರಸೀಕೆರೆಯ ಮಂಡಿಯ ಹಳೇ ಡಬ್ಬವೂ ಇನ್ನಷ್ಟು ವರ್ಷ ದುಡಿಯುತ್ತದೆ!

ಆಯುಧಪೂಜೆಯ ಬೆಳಿಗ್ಗೆ. ಅರಸೀಕೆರೆಯ ಬಿ.ಎಚ್. ರಸ್ತೆಯುದ್ದಕ್ಕೂ ಬೂದುಗುಂಬಳದ ಹೋಳು, ಚಕ್ರದಡಿ ನಜ್ಜುಗುಜ್ಜಾದ ನಿಂಬೆಹಣ್ಣು, ಸೇವಂತಿಗೆ ಎಸಳು. ರಸ್ತೆ ಬದಿಯ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಸ್ಕ್ರೂಡ್ರೈವರು, ಸೋಲ್ಡರಿಂಗ್ ಕಡ್ಡಿ, ಮಲ್ಟಿಮೀಟರುಗಳಿಗೆ ಅರಿಸಿನ ಕುಂಕುಮ ಹಚ್ಚಿ ಮುಗಿದಿದೆ. ಗೋಡೆಗೆ ಒರಗಿಸಿಟ್ಟ ಸಿಪಿಯು ಡಬ್ಬಗಳ ಹಣೆಗೂ ಮೂರು ಬೆರಳಿನ ವಿಭೂತಿ. ಒಂದು ಬೇಲೂರಿನ ಲಾಡ್ಜಿನಿಂದ ಬಂದದ್ದು, ಇನ್ನೊಂದು ಹಳೇಬೀಡಿನ ಡಿಟಿಪಿ ಅಂಗಡಿಯದು, ಮಿಕ್ಕವು ಊರಿನ ಕೊಬ್ಬರಿ ಮಂಡಿಗಳವು.

“ಇದಕ್ಕೆ ಪೂಜೆ ಯಾಕಪ್ಪ? ನಾಳೆ ಗುಜರಿಗೆ ಹಾಕೋದೇ ಅಲ್ವಾ?” ಎಂದರು ಮಂಡಿ ಯಜಮಾನರು.

“ಸ್ವಲ್ಪ ತಡೀರಿ ಯಜಮಾನ್ರೇ. ಒಳಗೆ ಯಾವ ಪ್ರೊಸೆಸರ್ ಇದೆ ಅಂತ ನೋಡಿ ಹೇಳ್ತೀನಿ” ಎಂದ ಅಂಗಡಿಯ ಹುಡುಗ, ಕಡಲೆಪುರಿ ಪೊಟ್ಟಣವನ್ನು ಅವರ ಕೈಗಿಟ್ಟ.

2025ರಲ್ಲಿ ಆಯುಧಪೂಜೆ ಅಕ್ಟೋಬರ್ 1ಕ್ಕೆ ಬಂತು. ಎರಡು ವಾರ ಕಳೆಯುವುದರೊಳಗೆ, ಅಕ್ಟೋಬರ್ 14ರಂದು, ಮೈಕ್ರೋಸಾಫ್ಟ್ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಬೇಕೆಂದರೆ ಇಂಟೆಲ್‌ನ 8ನೇ ತಲೆಮಾರಿನ ಪ್ರೊಸೆಸರ್, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರಬೇಕು. ಸಣ್ಣ ಊರುಗಳ ಅಂಗಡಿ, ಶಾಲೆ, ಸೊಸೈಟಿಗಳಲ್ಲಿ ಇನ್ನೂ ಓಡುತ್ತಿರುವ ಎಷ್ಟೋ ಯಂತ್ರಗಳು ಈ ಜರಡಿಯಲ್ಲಿ ನಿಲ್ಲುವುದಿಲ್ಲ.

“ಲಿನಕ್ಸ್ ಹಾಕಿ” ಎಂಬ ಸಲಹೆ ತಕ್ಷಣ ಬರುತ್ತದೆ. ಸಲಹೆ ಸರಿಯೇ. ಆದರೆ ಯಾವ ಲಿನಕ್ಸ್, ಯಾವ ಪ್ರೊಸೆಸರಿಗೆಂದು ಕಟ್ಟಿದ ಲಿನಕ್ಸ್ ಎಂದು ಕೇಳದೆ ಹಾಕಿದರೆ ಪರದೆಯ ಮೇಲೆ ಎರಡೇ ಪದ ಕಾಣಿಸುತ್ತವೆ: ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’. ಪ್ರೊಸೆಸರಿಗೆ ಗೊತ್ತಿಲ್ಲದ ಸೂಚನೆ ಬಂತು, ಪ್ರೋಗ್ರಾಂ ಅಲ್ಲೇ ಸತ್ತಿತು.

ಹಳಿಯ ಅಗಲ

ಅರಸೀಕೆರೆಯ ಹಿರಿಯರಿಗೆ ಇದನ್ನು ವಿವರಿಸುವುದು ಸುಲಭ. 1990ರ ದಶಕದ ಗೇಜ್ ಪರಿವರ್ತನೆಯ ತನಕ ಈ ಜಂಕ್ಷನ್ನಿಗೆ ಬರುತ್ತಿದ್ದದ್ದು ಮೀಟರ್ ಗೇಜ್ ರೈಲು. ಅದರ ಹಳಿಗಳ ನಡುವೆ 1,000 ಮಿಲಿಮೀಟರ್, ಬ್ರಾಡ್‌ಗೇಜಿನಲ್ಲಿ 1,676. ಬ್ರಾಡ್‌ಗೇಜಿನ ಬೋಗಿ ಎಷ್ಟೇ ಹೊಸದಿರಲಿ, ಮೀಟರ್ ಗೇಜ್ ಹಳಿಯ ಮೇಲೆ ಅದು ನಿಲ್ಲುವುದೇ ಇಲ್ಲ. ಪ್ರೊಸೆಸರಿಗೆ ತಿಳಿಯುವ ಸೂಚನೆಗಳ ಸಮೂಹವೂ ಇಂಥ ಹಳಿಯೇ. ಒಂದೇ ವ್ಯತ್ಯಾಸವೆಂದರೆ ಇಂಟೆಲ್ ಮತ್ತು ಎಎಂಡಿ ಬಳಗದಲ್ಲಿ ಹಳೇ ಬೋಗಿ ಹೊಸ ಹಳಿಯ ಮೇಲೂ ಓಡುತ್ತದೆ. ಹೊಸ ಬೋಗಿ ಮಾತ್ರ ಹಳೇ ಹಳಿಗೆ ಇಳಿಯದು.

ಬೋಗಿಯ ಅಗಲವನ್ನು ನಿರ್ಧರಿಸುವುದು ಕಂಪೈಲರ್. ಮನುಷ್ಯರು ಓದಬಲ್ಲ ಸೋರ್ಸ್ ಕೋಡನ್ನು ಪ್ರೊಸೆಸರ್ ನಡೆಸಬಲ್ಲ ಸೂಚನೆಗಳಾಗಿ ಮಾರ್ಪಡಿಸುವುದು ಅದರ ಕೆಲಸ. ಲಿನಕ್ಸ್ ಜಗತ್ತಿನ ಮುಖ್ಯ ಕಂಪೈಲರ್ ಜಿಸಿಸಿಯನ್ನು ರಿಚರ್ಡ್ ಸ್ಟಾಲ್‌ಮನ್ 1987ರಲ್ಲಿ ಹೊರತಂದರು. ಯಾವ ಪ್ರೊಸೆಸರಿಗೆ ಕಟ್ಟಬೇಕು ಎಂದು ಅದಕ್ಕೆ ಹೇಳುವ ಸೆಟ್ಟಿಂಗೇ ‘ಎಂ-ಆರ್ಚ್’. ಸಿದ್ಧ ಲಿನಕ್ಸ್ ತಂದು ಹಾಕಿದರೆ ಆ ತೀರ್ಮಾನವನ್ನು ಬೇರೆ ಯಾರೋ ಮಾಡಿರುತ್ತಾರೆ. ಸೋರ್ಸಿನಿಂದ ನಾವೇ ಕಟ್ಟಿಕೊಂಡರೆ ತೀರ್ಮಾನ ನಮ್ಮದು. ಗೆರಾರ್ಡ್ ಬೀಕ್‌ಮನ್ಸ್ 1999ರಲ್ಲಿ ಶುರುಮಾಡಿದ ‘ಲಿನಕ್ಸ್ ಫ್ರಮ್ ಸ್ಕ್ರ್ಯಾಚ್’ ಪುಸ್ತಕ, ಡೇನಿಯಲ್ ರಾಬಿನ್ಸ್ ಕಟ್ಟಿದ ಜೆಂಟೂ ಲಿನಕ್ಸ್ ಎರಡೂ ಈ ದಾರಿಯವು.

ಒಂದೊಂದೇ ಬಾಗಿಲು

ಲೈನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಬರೆದದ್ದು ಇಂಟೆಲ್ 386 ಇದ್ದ ಯಂತ್ರದ ಮೇಲೆ. ಅದೇ 386ಕ್ಕೆ ಲಿನಕ್ಸಿನ ತಿರುಳಾದ ಕರ್ನಲ್ 2013ರ 3.8ನೇ ಆವೃತ್ತಿಯಲ್ಲಿ ವಿದಾಯ ಹೇಳಿತು. 2025ರ ಏಪ್ರಿಲ್‌ನಲ್ಲಿ ಇಂಗೊ ಮೋಲ್ನಾರ್ 486ನ್ನೂ ಕೈಬಿಡುವ ಪ್ರಸ್ತಾಪ ಇಟ್ಟರು. ಅದಕ್ಕೆ ನನಗೆ ಬೇಸರವಿಲ್ಲ. ಯಾರೂ ಬಳಸದ ಚಿಪ್ಪಿಗಾಗಿ ಕರ್ನಲ್ ಬಳಗ ವರ್ಷಗಟ್ಟಲೆ ಹೆಣಗುವುದು ನ್ಯಾಯವಲ್ಲ.

ನಮ್ಮ ಊರುಗಳಿಗೆ ತಟ್ಟುವುದು ಅದರ ನಂತರದ ತೀರ್ಮಾನಗಳು. 2025ರ ಆಗಸ್ಟ್ 9ರಂದು ಬಂದ ಡೆಬಿಯನ್ ಲಿನಕ್ಸ್ 13ರಲ್ಲಿ 32 ಬಿಟ್ ಪಿಸಿಗಳಿಗೆ ಕರ್ನಲ್ಲೂ ಇಲ್ಲ, ಇನ್‌ಸ್ಟಾಲರ್ರೂ ಇಲ್ಲ. ಲಿನಕ್ಸಿನ 32 ಬಿಟ್ ಯಂತ್ರಗಳಿಗೆ ಫೈರ್‌ಫಾಕ್ಸ್ 144 ಕೊನೆಯದು. ಅದರ ದೀರ್ಘಾವಧಿ ಆವೃತ್ತಿ 140ಕ್ಕೆ ಕನಿಷ್ಠ 2026ರ ಸೆಪ್ಟೆಂಬರ್‌ವರೆಗೆ ಭದ್ರತಾ ತಿದ್ದುಪಡಿ ಸಿಗುತ್ತದೆ, ಅಷ್ಟೆ.

64 ಬಿಟ್ ಇದ್ದವರೂ ನಿಶ್ಚಿಂತರಲ್ಲ. 2020ರಲ್ಲಿ 64 ಬಿಟ್ ಪ್ರೊಸೆಸರುಗಳನ್ನು ವಿ1ರಿಂದ ವಿ4ರವರೆಗೆ ನಾಲ್ಕು ಮೆಟ್ಟಿಲಾಗಿ ವಿಂಗಡಿಸಿದರು. ರೆಡ್‌ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9 ಎರಡನೇ ಮೆಟ್ಟಿಲು ಕೇಳಿತು. 2025ರ ಮೇ ತಿಂಗಳಲ್ಲಿ ಬಂದ 10ನೇ ಆವೃತ್ತಿ ಮೂರನೆಯದನ್ನು ಕೇಳುತ್ತಿದೆ, ಅಂದರೆ 2013ರ ಹ್ಯಾಸ್‌ವೆಲ್ ಕಾಲದ ಎವಿಎಕ್ಸ್2 ಸೂಚನೆಗಳು ಬೇಕು. ಆದರೆ ಹ್ಯಾಸ್‌ವೆಲ್ ಕಾಲದ ಪೆಂಟಿಯಂ, ಸೆಲೆರಾನ್ ಹೆಸರಿನ ಅಗ್ಗದ ಚಿಪ್ಪುಗಳಲ್ಲಿ ಎವಿಎಕ್ಸ್ ಅನ್ನೇ ಇಂಟೆಲ್ ಕೊಟ್ಟಿರಲಿಲ್ಲ. ಅಗ್ಗದ ಯಂತ್ರ ಕೊಂಡವರು ಮೊದಲು ಹೊರಗುಳಿಯುತ್ತಾರೆ.

ಇದಕ್ಕೆ ಉತ್ತರವೂ ಬಂದಿದೆ. ಅದೇ ಬಳಗದ ಆಲ್ಮಾಲಿನಕ್ಸ್ 10 ಎರಡನೇ ಮೆಟ್ಟಿಲಿನ ಯಂತ್ರಗಳಿಗೆಂದೇ ಮತ್ತೊಮ್ಮೆ ಕಂಪೈಲ್ ಮಾಡಿ ಪ್ರತ್ಯೇಕ ಆವೃತ್ತಿ ಕೊಡುತ್ತಿದೆ. ಸೋರ್ಸ್ ಕೈಯಲ್ಲಿದ್ದರೆ ಹೀಗೆ ಮಾಡಬಹುದು.

ಪ್ರೊಸೆಸರಿನ ಜಾತಕ

ಡಬ್ಬದ ಮೇಲಿನ ಸ್ಟಿಕ್ಕರ್ ನಂಬಬೇಡಿ. ಲಿನಕ್ಸ್ ಇರುವ ಯಾವುದಾದರೂ ಪೆನ್‌ಡ್ರೈವ್‌ನಿಂದ ಯಂತ್ರ ಎಬ್ಬಿಸಿ, ‘ಪ್ರಾಕ್’ ಫೋಲ್ಡರಿನ ‘ಸಿಪಿಯುಇನ್ಫೋ’ ಕಡತ ತೆರೆಯಿರಿ. ಅದರಲ್ಲಿ ‘ಫ್ಲ್ಯಾಗ್ಸ್’ ಎಂಬ ಉದ್ದನೆಯ ಸಾಲೊಂದಿದೆ. ಪ್ರೊಸೆಸರಿಗೆ ಏನೇನು ಬರುತ್ತದೆ ಎಂಬುದೆಲ್ಲ ಅದರಲ್ಲೇ ಇದೆ.

ಹುಡುಕಬೇಕಾದ ಮೊದಲ ಗುರುತು ‘ಎಲ್‌ಎಂ’. ಅದಿದ್ದರೆ ಪ್ರೊಸೆಸರ್ 64 ಬಿಟ್. ವರ್ಷಗಟ್ಟಲೆ 32 ಬಿಟ್ ವಿಂಡೋಸ್ ಓಡಿಸಿದ ಎಷ್ಟೋ ಯಂತ್ರಗಳಲ್ಲಿ ಇದು ಸದ್ದಿಲ್ಲದೆ ಕೂತಿರುತ್ತದೆ. ಕೋರ್ 2 ಡ್ಯುಯೋ ಎಲ್ಲವೂ 64 ಬಿಟ್, ಕೊನೆಕೊನೆಯ ಪೆಂಟಿಯಂ 4ಗಳಲ್ಲೂ ಹಲವು ಹಾಗೆಯೇ. ಎರಡನೆಯದು, ದಶಾಂಶ ಲೆಕ್ಕವನ್ನೂ ಮಾಡಬಲ್ಲ ಸೂಚನೆಗಳ ಗುಂಪು ‘ಎಸ್‌ಎಸ್‌ಇ2’. 2000ದ ಪೆಂಟಿಯಂ 4ರಿಂದ ಇತ್ತೀಚಿನ ಇಂಟೆಲ್ ಚಿಪ್ಪುಗಳಲ್ಲಿ ಇದೆ. ಎಎಂಡಿಯ ಅಥ್ಲಾನ್ ಎಕ್ಸ್‌ಪಿಯಲ್ಲಿ ಇಲ್ಲ. ಎಸ್‌ಎಸ್‌ಇ3 ಎಂದು ಹುಡುಕಿದರೆ ಮಾತ್ರ ಸಿಗುವುದಿಲ್ಲ, ಲಿನಕ್ಸ್ ಅದನ್ನು ‘ಪಿಎನ್‌ಐ’ ಎಂದು ಬರೆಯುತ್ತದೆ. ಮೂರನೆಯದು ‘ಸಿಮೂವ್’. 1995ರ ಪೆಂಟಿಯಂ ಪ್ರೊ ಜೊತೆ ಬಂದ ಈ ಸೂಚನೆ ಎಎಂಡಿ ಕೆ6ನಲ್ಲಾಗಲಿ, ಮೊದಮೊದಲ ವಿಯಾ ಸಿ3ಯಲ್ಲಾಗಲಿ ಇಲ್ಲ. ಅವುಗಳ ಮೇಲೆ ‘ಐ686’ ಎಂದು ಕಟ್ಟಿದ ಲಿನಕ್ಸ್ ಎದ್ದೇಳದು.

ಬಾಕ್ಸ್: ಯಾವ ಪ್ರೊಸೆಸರಿಗೆ ಯಾವ ಎಂ-ಆರ್ಚ್?

ಪೆಂಟಿಯಂ 3: ಪೆಂಟಿಯಂ3
ಪೆಂಟಿಯಂ 4, ‘ಪಿಎನ್‌ಐ’ ಇಲ್ಲದ್ದು: ಪೆಂಟಿಯಂ4
ಪೆಂಟಿಯಂ 4, ‘ಪಿಎನ್‌ಐ’ ಇದೆ, ‘ಎಲ್‌ಎಂ’ ಇಲ್ಲ: ಪ್ರೆಸ್ಕಾಟ್
ಪೆಂಟಿಯಂ 4, ‘ಎಲ್‌ಎಂ’ ಇರುವುದು ಮತ್ತು ಪೆಂಟಿಯಂ ಡಿ: ನೊಕೊನಾ
ಕೋರ್ 2 ಡ್ಯುಯೋ: ಕೋರ್2
ನೆಟ್‌ಬುಕ್‌ಗಳ ಆಟಮ್ ಎನ್270: ಬೊನೆಲ್
ಅಥ್ಲಾನ್ ಎಕ್ಸ್‌ಪಿ: ಅಥ್ಲಾನ್-ಎಕ್ಸ್‌ಪಿ
ಅಥ್ಲಾನ್ 64: ಕೆ8

ಕಡಿಮೆ ಸೆಟ್ಟಿಂಗ್, ಸರಿಯಾದ ಸೆಟ್ಟಿಂಗ್

ಆ ಯಂತ್ರದಲ್ಲೇ ಕಟ್ಟಿ ಅಲ್ಲೇ ಓಡಿಸುವುದಾದರೆ ‘ಎಂ-ಆರ್ಚ್=ನೇಟಿವ್’ ಎಂದರೆ ಮುಗಿಯಿತು. ಪ್ರೊಸೆಸರನ್ನು ಕಂಪೈಲರೇ ಮಾತಾಡಿಸಿ ತಿಳಿದುಕೊಳ್ಳುತ್ತದೆ. 2025ರ ಜುಲೈನಲ್ಲಿ ಬಂದ ಕರ್ನಲ್ 6.16ರಲ್ಲಿ 64 ಬಿಟ್ ಯಂತ್ರಗಳಿಗೆ ಇದು ನೇರ ಆಯ್ಕೆಯಾಗಿಯೇ ಸೇರಿದೆ. ಆದರೆ ಕರ್ನಲ್ಲಿನಲ್ಲಿ ಇದರಿಂದ ದೊಡ್ಡ ಲಾಭ ನಿರೀಕ್ಷಿಸಬೇಡಿ. ಕರ್ನಲ್ ತನ್ನ ಸಾಮಾನ್ಯ ಕೋಡಿನಲ್ಲಿ ಎಸ್‌ಎಸ್‌ಇ ಸೂಚನೆಗಳನ್ನು ಬಳಸುವುದೇ ಇಲ್ಲ. ಬೇಡದ ಡ್ರೈವರುಗಳನ್ನು ಬಿಟ್ಟು ಕರ್ನಲ್ ಸಣ್ಣದು ಮಾಡಿದರೆ ಹಳೇ ಯಂತ್ರಕ್ಕೆ ಅದರಿಂದಲೇ ಹೆಚ್ಚು ಉಪಕಾರ.

ಇನ್ನು ಕೋಡನ್ನು ಎಷ್ಟು ಚುರುಕುಗೊಳಿಸಬೇಕೆಂದು ಕಂಪೈಲರಿಗೆ ಹೇಳುವ ‘ಓ’ ಅಕ್ಷರದ ಹಂತಗಳು. ಓ-3 ಅಂದರೆ ಓ-2ಕ್ಕಿಂತ ವೇಗ ಎಂದು ಹೊಸಬರು ನಂಬುತ್ತಾರೆ. ಓ-3 ಕೋಡನ್ನು ಉಬ್ಬಿಸುತ್ತದೆ. ಆಟಮ್ ಎನ್270ರ ಎರಡನೇ ಹಂತದ ಕ್ಯಾಶ್ ಇರುವುದೇ 512 ಕಿಲೋಬೈಟ್. ಉಬ್ಬಿದ ಕೋಡ್ ಅದರಲ್ಲಿ ಹಿಡಿಸದೆ ಮೆಮೊರಿಗೆ ಓಡಾಡಿ ಸಮಯ ಕಳೆಯುತ್ತದೆ. ಹಳೇ ಪ್ರೊಸೆಸರಿಗೆ ಓ-2 ಸಾಕು. ಕ್ಯಾಶ್ ತೀರಾ ಚಿಕ್ಕದಿದ್ದರೆ ಕೋಡನ್ನು ಚಿಕ್ಕದಾಗಿಸುವ ಓ-ಎಸ್ ಕೂಡ ಪರೀಕ್ಷಿಸಿ ನೋಡುವಂಥದ್ದು. ‘ಫಾಸ್ಟ್-ಮ್ಯಾತ್’ ಎಂಬುದನ್ನು ಇಡೀ ವ್ಯವಸ್ಥೆಗೆ ಹಾಕಲೇಬೇಡಿ. ಲೆಕ್ಕದ ನಿಯಮ ಸಡಿಲಿಸಿ ವೇಗ ಪಡೆಯುವ ಸೆಟ್ಟಿಂಗ್ ಅದು.

32 ಬಿಟ್ ಯಂತ್ರದಲ್ಲಿ ಎಸ್‌ಎಸ್‌ಇ2 ಇದ್ದರೆ ‘ಎಂಎಫ್‌ಪಿಮ್ಯಾತ್=ಎಸ್‌ಎಸ್‌ಇ’ ಸೇರಿಸುವುದು ಒಳ್ಳೆಯದು. ಇಲ್ಲದಿದ್ದರೆ ದಶಾಂಶ ಲೆಕ್ಕಕ್ಕೆ ಜಿಸಿಸಿ ಹಳೇ 387 ಘಟಕವನ್ನೇ ಬಳಸುತ್ತದೆ. ಒಂದೇ ಲೆಕ್ಕಕ್ಕೆ ಎರಡು ಘಟಕಗಳ ಉತ್ತರ ಕೊನೆಯ ಅಂಕಿಯಲ್ಲಿ ಕೂದಲೆಳೆಯಷ್ಟು ಬೇರೆ ಬರಬಹುದು.

ಇನ್ನೊಂದು ಸೆಟ್ಟಿಂಗನ್ನು ಬಹಳ ಜನ ಮರೆಯುತ್ತಾರೆ. 32 ಬಿಟ್ ಸಮಯದ ಲೆಕ್ಕ 2038ರ ಜನವರಿ 19ರಂದು, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷಕ್ಕೆ, ತುಂಬಿ ಹೋಗುತ್ತದೆ. ಇಪ್ಪತ್ತು ವರ್ಷದ ಸಾಲದ ಕಂತಿನ ಪಟ್ಟಿ ಈಗಲೇ ಆ ತಾರೀಕು ದಾಟುತ್ತದೆ. ಗ್ಲಿಬ್‌ಸಿ ಎಂಬ ಮೂಲ ಲೈಬ್ರರಿಯ 2.34ನೇ ಆವೃತ್ತಿಯಿಂದ ಈಚೆಗೆ ‘ಟೈಮ್-ಬಿಟ್ಸ್=64’, ಅದರ ಜೊತೆ ‘ಫೈಲ್-ಆಫ್‌ಸೆಟ್-ಬಿಟ್ಸ್=64’ ಎಂದು ಹೇಳಿ ಕಟ್ಟಿದರೆ 32 ಬಿಟ್ ಯಂತ್ರಕ್ಕೂ 64 ಬಿಟ್ ಸಮಯ ಸಿಗುತ್ತದೆ. ಡೆಬಿಯನ್ ತನ್ನ 32 ಬಿಟ್ ಇಂಟೆಲ್ ವಿಭಾಗಕ್ಕೆ ಈ ಬದಲಾವಣೆ ಮಾಡಲಿಲ್ಲ. ಸ್ವಂತ ಕಟ್ಟುವವರು ಮಾಡಿಕೊಳ್ಳಬಹುದು. ಒಂದು ಲೈಬ್ರರಿಗೆ ಮಾಡಿ ಇನ್ನೊಂದಕ್ಕೆ ಬಿಟ್ಟರೆ ಮಾತ್ರ ಎರಡಕ್ಕೂ ಹೊಂದಾಣಿಕೆಯಾಗದು. ಮಾಡುವುದಾದರೆ ಮೊದಲಿನಿಂದ ಕೊನೆಯವರೆಗೆ ಒಂದೇ ಬಗೆ.

ಬೇರೆ ಯಂತ್ರದಲ್ಲಿ ಕಟ್ಟುವಾಗ

ಒಂದು ಜಿಬಿ ಮೆಮೊರಿಯ ನೆಟ್‌ಬುಕ್ಕಿನಲ್ಲಿ ಜಿಸಿಸಿಯನ್ನೇ ಕಂಪೈಲ್ ಮಾಡಲು ಕೂತರೆ ಸಂಜೆಯಾಗಿ ಬೆಳಗೂ ಆಗಬಹುದು. ಬ್ರೌಸರಿನಂಥ ದೊಡ್ಡ ಪ್ರೋಗ್ರಾಂ 32 ಬಿಟ್ ಯಂತ್ರದ ಮೆಮೊರಿ ಮಿತಿಯೊಳಗೆ ಹಿಡಿಸುವುದೇ ಕಷ್ಟ. ಅದಕ್ಕಾಗಿ ಬಲ್ಲವರು ವೇಗದ ಯಂತ್ರವೊಂದರಲ್ಲಿ ಕಟ್ಟಿ, ಸಿದ್ಧವಾದದ್ದನ್ನು ಹಳೇ ಯಂತ್ರಕ್ಕೆ ಸಾಗಿಸುತ್ತಾರೆ.

ಎಡವುವುದು ಇಲ್ಲೇ. ‘ನೇಟಿವ್’ ಎಂದರೆ ಕಟ್ಟುತ್ತಿರುವ ಯಂತ್ರ, ಓಡಿಸುವ ಯಂತ್ರವಲ್ಲ. ಅದನ್ನು ತೆಗೆದು ‘ಬೊನೆಲ್’ ಎಂದೋ ‘ಕೋರ್2’ ಎಂದೋ ಹೆಸರಿಟ್ಟು ಹೇಳಬೇಕು. ಅಷ್ಟು ಮಾಡಿದ ಮೇಲೂ ಜಿಎಂಪಿ ಎಂಬ ದೊಡ್ಡ ಸಂಖ್ಯೆಗಳ ಲೆಕ್ಕದ ಲೈಬ್ರರಿ ನಾವು ಹೇಳಿದ್ದನ್ನು ಪಕ್ಕಕ್ಕಿಟ್ಟು, ತಾನು ಕೂತಿರುವ ಪ್ರೊಸೆಸರನ್ನು ತಾನೇ ಪತ್ತೆಹಚ್ಚಿ ಅದಕ್ಕೆ ತಕ್ಕ ಅಸೆಂಬ್ಲಿ ಕೋಡ್ ಆರಿಸುತ್ತದೆ. ಜಿಸಿಸಿ ಓಡಲು ಜಿಎಂಪಿ ಬೇಕೇ ಬೇಕು. ಹಾಗಾಗಿ ಹಳೇ ಯಂತ್ರಕ್ಕೆ ಒಯ್ದ ಮೇಲೆ ಉಳಿದೆಲ್ಲ ಸರಿಯಿದ್ದು ಕಂಪೈಲರ್ ಮಾತ್ರ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಎಂದು ಬೀಳುತ್ತದೆ. ಲಿನಕ್ಸ್ ಫ್ರಮ್ ಸ್ಕ್ರ್ಯಾಚ್ ಪುಸ್ತಕ ಇದನ್ನು ಎಚ್ಚರಿಸಿ, ‘ಹೋಸ್ಟ್=ನನ್-ಲಿನಕ್ಸ್-ಗ್ನು’ ಎಂದು ಕೊಟ್ಟರೆ ಎಲ್ಲ ಪ್ರೊಸೆಸರಿಗೂ ಸಲ್ಲುವ ಸಾಮಾನ್ಯ ಲೈಬ್ರರಿ ಬರುತ್ತದೆ ಎಂದು ಹೇಳಿದೆ. ಲಿಬ್‌ಎಫ್‌ಎಫ್‌ಐ ಎಂಬ ಲೈಬ್ರರಿಗೂ ಇದೇ ಚಾಳಿ. ಅದಕ್ಕೆ ‘ವಿತ್-ಜಿಸಿಸಿ-ಆರ್ಚ್’ ಎಂಬ ಸೆಟ್ಟಿಂಗಿನಲ್ಲಿ ಪ್ರೊಸೆಸರ್ ಹೆಸರು ಕೊಡಬೇಕು.

ಶಾಲೆಯ ಲ್ಯಾಬಿನಲ್ಲಿ ನಾಲ್ಕಾರು ಬಗೆಯ ಯಂತ್ರಗಳಿದ್ದರೆ? ಎಲ್ಲಕ್ಕಿಂತ ದುರ್ಬಲವಾದ ಪ್ರೊಸೆಸರಿಗೆ ಎಂ-ಆರ್ಚ್ ಹಿಡಿಯಿರಿ. ಹೆಚ್ಚು ಸಂಖ್ಯೆಯಲ್ಲಿರುವ ಪ್ರೊಸೆಸರಿನ ಹೆಸರನ್ನು ‘ಎಂ-ಟ್ಯೂನ್’ಗೆ ಕೊಡಿ. ಎಂ-ಟ್ಯೂನ್ ಹೊಸ ಸೂಚನೆಗಳನ್ನು ಸೇರಿಸುವುದಿಲ್ಲ, ಇರುವ ಸೂಚನೆಗಳನ್ನೇ ಆ ಪ್ರೊಸೆಸರಿಗೆ ಹಿತವಾಗುವ ಸರದಿಯಲ್ಲಿ ಜೋಡಿಸುತ್ತದೆ. ಸೂಚನೆಗಳನ್ನು ಬಂದ ಸರದಿಯಲ್ಲೇ ನಡೆಸುವ ಆಟಮ್‌ಗೆ ಈ ಜೋಡಣೆ ಬಹಳ ಮುಖ್ಯ.

ಬಾಕ್ಸ್: ಬಡಪಾಯಿ ಚಿಪ್ಪಿಗೆ ಒಂದು ವರ

2018ರ ಜನವರಿಯಲ್ಲಿ ಬಯಲಾದ ಮೆಲ್ಟ್‌ಡೌನ್, ಸ್ಪೆಕ್ಟರ್ ದೋಷಗಳು ಸರದಿ ಮೀರಿ ಮುಂದಿನ ಸೂಚನೆಗಳನ್ನು ಊಹಿಸಿ ನಡೆಸುವ ಪ್ರೊಸೆಸರುಗಳನ್ನು ಕಾಡಿದವು. ಆಟಮ್ ಎನ್270 ಆ ಗುಂಪಿಗೆ ಸೇರಿಲ್ಲ. ಅದರ ಗರಿಷ್ಠ ಶಾಖದ ಅಂದಾಜು ಕೇವಲ 2.5 ವ್ಯಾಟ್.

ಬೆಂಗಳೂರಿನ ಹಳೇ ಪಾಠ

ಸಣ್ಣ ಪ್ರೊಸೆಸರಿಗೆ ಲಿನಕ್ಸ್ ಹೊಂದಿಸುವ ಕೆಲಸ ಕನ್ನಡನಾಡಿಗೆ ಹೊಸದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ಸ್ವಾಮಿ ಮನೋಹರ್, ವಿಜಯ್ ಚಂದ್ರು, ವಿ. ವಿನಯ್, ರಮೇಶ್ ಹರಿಹರನ್ ಅವರು ಎನ್ಕೋರ್ ಸಂಸ್ಥೆಯ ಜೊತೆ ಸೇರಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದರು. ಅಂಗೈಯಲ್ಲಿ ಹಿಡಿಯುವ, ಓದು ಬಾರದವರೂ ಬಳಸಬಲ್ಲ ಕಂಪ್ಯೂಟರ್ ಅವರ ಗುರಿ. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ‘ಅಮಿಡಾ’ ಮಾರುಕಟ್ಟೆಗೆ ಬಂತು. ಒಳಗಿದ್ದದ್ದು ಲಿನಕ್ಸ್. ಪ್ರೊಸೆಸರ್ 206 ಮೆಗಾಹರ್ಟ್ಸ್‌ನ ಸ್ಟ್ರಾಂಗ್‌ಆರ್ಮ್ ಎಸ್‌ಎ-1110.

ಈ ಚಿಪ್ಪಿನಲ್ಲಿ ದಶಾಂಶ ಲೆಕ್ಕದ ಘಟಕವೇ ಇರಲಿಲ್ಲ. ಇಂಥ ಚಿಪ್ಪಿಗೆ ಲಿನಕ್ಸ್ ಕಟ್ಟುವವರ ಮುಂದೆ ಎರಡು ದಾರಿ. ದಶಾಂಶದ ಸೂಚನೆ ಬಂದಾಗಲೆಲ್ಲ ಪ್ರೊಸೆಸರ್ ತಡವರಿಸಿ ಕರ್ನಲ್ಲಿನ ಮೊರೆಹೋಗುವುದು, ಕರ್ನಲ್ ಆ ಲೆಕ್ಕವನ್ನು ನಟಿಸಿ ತೋರಿಸುವುದು ಒಂದು. ‘ಸಾಫ್ಟ್-ಫ್ಲೋಟ್’ ಸೆಟ್ಟಿಂಗ್ ಹಾಕಿ, ಅಂಥ ಸೂಚನೆಯೇ ಹುಟ್ಟದಂತೆ ಕಂಪೈಲರಿಗೆ ಹೇಳುವುದು ಇನ್ನೊಂದು. ಎರಡನೆಯದೇ ಬಹಳ ವೇಗ, ಆದರೆ ಎಲ್ಲ ಲೈಬ್ರರಿಗಳನ್ನೂ ಹಾಗೆಯೇ ಕಟ್ಟಬೇಕು. ಒಂದೇ ಸೆಟ್ಟಿಂಗ್ ಯಂತ್ರದ ಚುರುಕನ್ನು ಇಷ್ಟರಮಟ್ಟಿಗೆ ಬದಲಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ. ಸಿಂಪ್ಯೂಟರ್ ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ. ಆದರೆ ಅದಕ್ಕಾಗಿ ಹುಟ್ಟಿದ ‘ಧ್ವನಿ’ ಎಂಬ ತಂತ್ರಾಂಶ ಕನ್ನಡವನ್ನೂ ಓದಿ ಹೇಳಿತು, ಮುಕ್ತ ತಂತ್ರಾಂಶವಾಗಿ ಉಳಿಯಿತು.

ಹೊಯ್ಸಳರ ಒತ್ತಕ್ಷರ

ಹಳೇಬೀಡಿನ ಡಿಟಿಪಿ ಅಂಗಡಿಯ ಯಂತ್ರಕ್ಕೆ ಬರೋಣ. ಅಲ್ಲಿ ದಿನವೂ ಅಚ್ಚಾಗುವ ಪದಗಳು ಹೊಯ್ಸಳೇಶ್ವರ, ಕೇದಾರೇಶ್ವರ, ಬೇಲೂರಿನ ಚೆನ್ನಕೇಶವ. ಇವುಗಳಲ್ಲಿ ಹೊಯ್ಸಳೇಶ್ವರ, ಚೆನ್ನಕೇಶವ ದೇಗುಲಗಳು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ವೇಗ ಎಷ್ಟಿದ್ದರೇನು, ಯಂತ್ರ ‘ಹೊಯ್‌ಸಳ’ ಎಂದು ಒತ್ತು ಬಿಡಿಸಿ ತೋರಿಸಿದರೆ ಆ ಅಂಗಡಿಗೆ ಅದು ಕೆಲಸಕ್ಕೆ ಬಾರದು.

ಸಿದ್ಧ ಲಿನಕ್ಸಿನಲ್ಲಿ ಈ ಚಿಂತೆಯಿಲ್ಲ. ಸೋರ್ಸಿನಿಂದ ಕಟ್ಟುವಾಗ ಒತ್ತಕ್ಷರವೂ ಒಂದು ಸೆಟ್ಟಿಂಗೇ. ಅಕ್ಷರಗಳನ್ನು ಕೂಡಿಸುವುದು ಹಾರ್ಫ್‌ಬಜ್, ಪರದೆಗೆ ಬಿಡಿಸುವುದು ಫ್ರೀಟೈಪ್. ಇವೆರಡೂ ಒಂದನ್ನೊಂದು ಬೇಡುತ್ತವೆ. ಆದ್ದರಿಂದ ಮೊದಲು ಫ್ರೀಟೈಪ್, ಆಮೇಲೆ ಹಾರ್ಫ್‌ಬಜ್, ಮತ್ತೊಮ್ಮೆ ಫ್ರೀಟೈಪ್ ಎಂದು ಕಟ್ಟಬೇಕು. ಗ್ಲಿಬ್‌ಸಿಯಲ್ಲಿ ಕನ್ನಡದ ಭಾಷಾ ಹೊಂದಿಕೆ (ಲೊಕೇಲ್) ‘ಕೆಎನ್-ಐಎನ್’ ಅನ್ನು ನಾವೇ ಸೃಷ್ಟಿಸಿಕೊಳ್ಳಬೇಕು. ಫಾಂಟುಗಳಲ್ಲಿ ಲೋಹಿತ್ ಕನ್ನಡ, ಗುಬ್ಬಿ, ನವಿಲು ಮುಕ್ತವಾಗಿ ಸಿಗುತ್ತವೆ. ಕಿಟಕಿಗಳಿಲ್ಲದ ಕಪ್ಪು ಕನ್ಸೋಲಿನಲ್ಲಿ ಮಾತ್ರ ಒತ್ತಕ್ಷರ ಕೂಡುವುದಿಲ್ಲ. ಅಲ್ಲಿ ಕನ್ನಡಕ್ಕಾಗಿ ಸಮಯ ಕಳೆಯಬೇಡಿ.

ಯಾವುದನ್ನು ಉಳಿಸಬೇಕು?

ಎಲ್ಲವನ್ನೂ ಉಳಿಸಿ ಎಂದು ನಾನು ಹೇಳುವುದಿಲ್ಲ. ಎಸ್‌ಎಸ್‌ಇ2 ಇಲ್ಲದ ಯಂತ್ರದಲ್ಲಿ ಇಂದಿನ ಬ್ರೌಸರ್ ಓಡದು. ಪ್ರೆಸ್ಕಾಟ್ ಪೆಂಟಿಯಂ 4ರ ಪ್ರೊಸೆಸರ್ ಒಂದೇ 80 ವ್ಯಾಟಿಗೂ ಹೆಚ್ಚು ಶಾಖ ಕಾರುತ್ತದೆ. ದಿನವಿಡೀ ಉರಿಸುವ ಕಡೆ ಅದನ್ನು ಕಟ್ಟಿಕೊಂಡರೆ ಕರೆಂಟ್ ಬಿಲ್ಲೇ ಹೊರೆ. ನೆಟ್ ಬ್ಯಾಂಕಿಂಗ್ ಮಾಡುವ ಯಂತ್ರಕ್ಕೆ ಭದ್ರತಾ ತಿದ್ದುಪಡಿ ಬರುತ್ತಿರಲೇಬೇಕು. ವೇಗಕ್ಕಾಗಿ ಕರ್ನಲ್ಲಿನ ‘ಮಿಟಿಗೇಶನ್ಸ್’ ಎಂಬ ರಕ್ಷಣೆಗಳನ್ನು ಆಫ್ ಮಾಡುವುದು ಅಂಥ ಯಂತ್ರದಲ್ಲಿ ಕೂಡದು.

ಆದರೆ ಕೋರ್ 2 ಡ್ಯುಯೋ ಮತ್ತು ಅದರಿಂದೀಚಿನ ಯಂತ್ರಗಳನ್ನು ಸಾಫ್ಟ್‌ವೇರ್ ನೆಪದಲ್ಲಿ ಎಸೆಯುವುದು ತಪ್ಪು. ಅವು 64 ಬಿಟ್. ಮೊದಲ ಮೆಟ್ಟಿಲಿನ ಲಿನಕ್ಸ್ ಈಗಲೂ ಧಾರಾಳವಾಗಿ ಸಿಗುತ್ತದೆ, ಡೆಬಿಯನ್ 13 ಕೂಡ ಅವುಗಳ ಮೇಲೆ ಓಡುತ್ತದೆ. ಸೋರ್ಸಿನಿಂದ ಕಟ್ಟುವ ಶ್ರಮ ನಿಜವಾಗಿ ಬೇಕಾಗುವುದು 32 ಬಿಟ್ ಯಂತ್ರಗಳಿಗೆ, ಅದರಲ್ಲೂ ಎಸ್‌ಎಸ್‌ಇ2 ಇರುವ ಆಟಮ್, ಪೆಂಟಿಯಂ ಎಂ ಜಾತಿಯವಕ್ಕೆ.

ಈ ಶ್ರಮವನ್ನು ಒಬ್ಬೊಬ್ಬ ಅಂಗಡಿಯವನ ತಲೆಗೆ ಕಟ್ಟಬಾರದು. ಕೇರಳದ ಶಾಲೆಗಳಿಗೆ ‘ಕೈಟ್’ ಎಂಬ ಸರ್ಕಾರಿ ಸಂಸ್ಥೆ ತಾನೇ ಒಂದು ಗ್ನು/ಲಿನಕ್ಸ್ ಸಿದ್ಧಪಡಿಸಿ ಕೊಡುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರ ಮೇಲೆಯೇ ಕಲಿಯುತ್ತಿದ್ದಾರೆ. ನಮ್ಮ ಎಂಜಿನಿಯರಿಂಗ್ ಮತ್ತು ಪಾಲಿಟೆಕ್ನಿಕ್ ಕಾಲೇಜುಗಳು ಅಂತಿಮ ವರ್ಷದ ಪ್ರಾಜೆಕ್ಟಾಗಿ ಇದನ್ನು ಎತ್ತಿಕೊಳ್ಳಲಿ: ತಾಲ್ಲೂಕಿನಲ್ಲಿ ಯಾವ ಪ್ರೊಸೆಸರುಗಳಿವೆ ಎಂದು ಪಟ್ಟಿ ಮಾಡಿ, ಬೊನೆಲ್‌ಗೆ ಒಂದು, ಪೆಂಟಿಯಂ4ಕ್ಕೆ ಒಂದು ಎಂದು ಕಟ್ಟಿ, ಕನ್ನಡದ ಫಾಂಟು ಲೊಕೇಲ್ ಸಮೇತ ಪೆನ್‌ಡ್ರೈವ್‌ನಲ್ಲಿ ಹಂಚಲಿ. ಬಳಸುವ ಸೆಟ್ಟಿಂಗುಗಳನ್ನು ಅದರಲ್ಲೇ ಬರೆದಿಡಲಿ, ಮುಂದಿನ ವರ್ಷದ ವಿದ್ಯಾರ್ಥಿ ಅಲ್ಲಿಂದ ಮುಂದುವರಿಯುತ್ತಾನೆ.

ನಿಮ್ಮ ಮನೆಯಲ್ಲೋ ಅಂಗಡಿಯಲ್ಲೋ ಅಂಥ ಯಂತ್ರವಿದ್ದರೆ ಗುಜರಿಯವನನ್ನು ಕರೆಯುವ ಮೊದಲು ಸಿಪಿಯುಇನ್ಫೋ ತೆರೆದು ಫ್ಲ್ಯಾಗ್ಸ್ ಸಾಲು ಓದಿ. ‘ಎಲ್‌ಎಂ’ ಕಂಡರೆ ಇವತ್ತೇ ಸಿದ್ಧ ಲಿನಕ್ಸ್ ಹಾಕಿ. ‘ಎಸ್‌ಎಸ್‌ಇ2’ ಮಾತ್ರ ಕಂಡರೆ ಹತ್ತಿರದ ಕಾಲೇಜಿನ ಕಂಪ್ಯೂಟರ್ ವಿಭಾಗಕ್ಕೆ ಒಯ್ದು ಕೇಳಿ. ಎರಡೂ ಇಲ್ಲವೆಂದಾದರೆ ಪರವಾನಗಿ ಇರುವ ಇ-ತ್ಯಾಜ್ಯದವರಿಗೇ ಕೊಡಿ, ಹಾರ್ಡ್‌ಡಿಸ್ಕ್ ಬಿಚ್ಚಿ ಇಟ್ಟುಕೊಂಡು.